ಐಸ್ ಬಂದಿದೆಯಂತೆ

ವಾರದಲ್ಲಿ ಕಾರ್ಮಿನ್‌ಗೆ ತನ್ನದು ಅಂತ ಇದ್ದದ್ದು ಒಂದೇ ಒಂದು ಶುಕ್ರವಾರ. ತೊಂಬತ್ತೆರಡರ ಆ ಚಳಿಗಾಲದಲ್ಲಿ ಅದನ್ನೂ ಹಿಮ ತಿಂದು ಹಾಕಿತು. ಬಿದ್ದ ಹಿಮವಾಗಿದ್ದರೆ ಹೋಗಲಿ ಎಂದು ಸಮಾಧಾನ ಮಾಡಿಕೊಳ್ಳಬಹುದಿತ್ತು. ಇದು ಬೀಳದೇ ಇದ್ದ ಹಿಮ.

ಶನಿವಾರದಿಂದ ಗುರುವಾರದವರೆಗೆ ಅವಳು ಮಸ್ಕತ್ತಿನ ಒಂದು ಖಾಸಗಿ ಆಸ್ಪತ್ರೆಯಲ್ಲಿ ನರ್ಸ್. ಬೆಳಿಗ್ಗೆ ಒಂದು ಡ್ಯೂಟಿ, ಸಂಜೆ ಒಂದು ಡ್ಯೂಟಿ, ನಡುವೆ ವಾದಿ ಅದಾಯ್ ಬಡಾವಣೆಯ ಮನೆಗೆ ಓಡಿ ಬಂದು ಅನ್ನ ಸಾರು ಮಾಡಿ, ಬಟ್ಟೆ ಒಣಗಿಸಿ, ಕಾಲು ನೀಡಿದೆ ಅನ್ನುವಷ್ಟರಲ್ಲಿ ಮತ್ತೆ ವ್ಯಾನಿನ ಹಾರ್ನ್. ಊರಿನಲ್ಲಿ ಭಾನುವಾರ ಹೇಗೋ ಇಲ್ಲಿ ಶುಕ್ರವಾರ ಹಾಗೆ. ಬೆಳಿಗ್ಗೆ ಇಗರ್ಜಿಯಲ್ಲಿ ಪೂಜೆ, ಬರುವಾಗ ಮತ್ರಾ ಮಾರ್ಕೆಟಿನ ಮೀನು, ಉಂಡ ಮೇಲೆ ಪರದೆ ಎಳೆದು ನಿದ್ದೆ. ಆ ನಿದ್ದೆಯ ಆಸೆಯಲ್ಲೇ ಅವಳು ಆರು ದಿನ ನಿಂತುಕೊಂಡು ಇರುತ್ತಿದ್ದಳು.

ಗಂಡ ಪಿಯುಸ್ ಒಂದು ಕನ್‌ಸ್ಟ್ರಕ್ಷನ್ ಕಂಪನಿಯಲ್ಲಿ ಸ್ಟೋರ್ ಕೀಪರ್. ಆಡಿದ ಮಾತು ತಪ್ಪದ ಮನುಷ್ಯ. ಇಂಥವರ ಜೊತೆ ಸಂಸಾರ ಮಾಡುವುದು ಎಷ್ಟು ಕಷ್ಟವೆಂದು ಮಾತು ತಪ್ಪುವ ಗಂಡಂದಿರ ಹೆಂಡತಿಯರಿಗೆ ಗೊತ್ತಿರುವುದಿಲ್ಲ. ಯಾರಿಗೋ ಊರಿಂದ ಕುಚ್ಚಲಕ್ಕಿ ತಂದುಕೊಡುತ್ತೇನೆ ಎಂದು ಒಮ್ಮೆ ಹೇಳಿಬಿಟ್ಟು, ಅದಕ್ಕಾಗಿ ಹೆಂಡತಿಯ ಸೀರೆಗಳನ್ನು ಮಂಗಳೂರಿನಲ್ಲೇ ಬಿಟ್ಟು ಬಂದಿದ್ದ ಆಸಾಮಿ.

ಹಿಮದ ಮಾತು ಹುಟ್ಟಿದ್ದು ಕ್ರಿಸ್ಮಸ್ಸಿನ ಗೋದಲಿಯ ಮುಂದೆ. ಪ್ರತಿ ವರ್ಷದ ಹಾಗೆ ಪಿಯುಸ್ ಹಾಲ್‌ನ ಮೂಲೆಯಲ್ಲಿ ಕಲ್ಲು, ಹುಲ್ಲು, ಮರದ ಹೊಟ್ಟು ಹಾಕಿ ಗೋದಲಿ ಕಟ್ಟಿ, ಅದರ ಮಾಡಿನ ಮೇಲೆ ಕಾರ್ಮಿನ್ ಆಸ್ಪತ್ರೆಯಿಂದ ತಂದ ಹತ್ತಿಯನ್ನು ಹಿಮವೆಂದು ಹಿಂಜಿ ಹಿಂಜಿ ಇಟ್ಟಿದ್ದ. ದೊಡ್ಡ ಮಗಳು ಇವ್ಲಿನ್ ಮೊದಲ ತರಗತಿಯಲ್ಲಿದ್ದಾಗ, ಇದು ನಿಜವಾಗಿ ಹೇಗಿರುತ್ತದೆ ಎಂದು ಕೇಳಿದ್ದಳು. ತೋರಿಸುತ್ತೇನೆ ಎಂದು ಪಿಯುಸ್ ಹೇಳಿದ್ದ. ಈಗ ಅವಳಿಗೆ ಹದಿಮೂರು. ಜೂನ್ ತಿಂಗಳಿಗೆ ಅವಳನ್ನು ಮಂಗಳೂರಿನ ಕಾನ್ವೆಂಟಿಗೆ ಹಾಕಿ ಹಾಸ್ಟೆಲ್ಲಿನಲ್ಲಿ ಬಿಡುವ ಮಾತು ಮನೆಯಲ್ಲಿ ನಡೆದಿತ್ತು. ಊರಿನಲ್ಲಿ ಓದಿದರೆ ಮುಂದೆ ಕಾಲೇಜಿನ ದಾರಿ ಸುಲಭ ಎಂಬುದು ಪಿಯುಸನ ವಾದ. ಗಲ್ಫಿನಲ್ಲಿದ್ದ ಅರ್ಧಕ್ಕರ್ಧ ಅಪ್ಪಂದಿರ ವಾದವೂ ಅದೇ.

"ಹಿಮ ತೋರಿಸ್ತೇನೆ ಅಂತ ಹೇಳಿದ್ದಲ್ಲ ಡ್ಯಾಡಿ? ಫಸ್ಟ್ ಅದು ತೋರಿಸಿ. ಆಮೇಲೆ ಹೋಗ್ತೇನೆ," ಎಂದಳು ಇವ್ಲಿನ್, ಹತ್ತಿಯ ಒಂದು ಎಳೆಯನ್ನು ಬೆರಳಿಗೆ ಸುತ್ತುತ್ತ.

"ಆಯ್ತು," ಎಂದ ಪಿಯುಸ್. "ಹೋಗುವ ಮೊದಲು ತೋರಿಸ್ತೇನೆ. ಮಾತು ಅಂದ್ರೆ ಮಾತು."

ಅಡುಗೆಮನೆಯ ಬಾಗಿಲಲ್ಲಿ ಹಬ್ಬದ ತಿಂಡಿ ಕುಸ್ವಾರಿನ ತಟ್ಟೆ ಹಿಡಿದು ನಿಂತಿದ್ದ ಕಾರ್ಮಿನ್ ಇದನ್ನು ಕೇಳಿಸಿಕೊಂಡಳು. ಒಮಾನಿನಲ್ಲಿ ಹಿಮವಂತೆ. ಹೋಳಿಗೆಯಲ್ಲಿ ಮೀನು ಹುಡುಕಿದ ಹಾಗೆ ಆಯಿತು ಎಂದು ಮನಸ್ಸಿನಲ್ಲೇ ನಕ್ಕಳು.

ಆದರೆ ಪಿಯುಸ್ ವಿಚಾರಿಸದೆ ಮಾತು ಕೊಟ್ಟವನಲ್ಲ. ಕಂಪನಿಯ ಡ್ರೈವರ್ ಆದಂ, ಅಲ್ ಹಮ್ರಾ ಎಂಬ ಊರಿನವನು. ಅವನ ಊರಿನ ನೆತ್ತಿಯ ಮೇಲೆಯೇ ಇರುವ ಜೆಬೆಲ್ ಶಮ್ಸ್ ಪರ್ವತದ ತುದಿಯಲ್ಲಿ ಕೆಲವು ವರ್ಷ ಹಿಮ ಬೀಳುತ್ತದೆ, ಕೆಲವು ವರ್ಷ ಬೀಳುವುದಿಲ್ಲ, ಬಿದ್ದರೂ ಹೆಚ್ಚು ದಿನ ನಿಲ್ಲುವುದಿಲ್ಲ ಎಂದು ಅವನು ಹೇಳಿದ್ದ. ಶಮ್ಸ್ ಎಂದರೆ ಸೂರ್ಯ. ಸೂರ್ಯನ ಬೆಟ್ಟಕ್ಕೆ ಹಿಮ ಹುಡುಕಿಕೊಂಡು ಹೋಗುವವರು ಮಂಗಳೂರಿನವರಲ್ಲದೆ ಬೇರೆ ಯಾರು ಇರಲು ಸಾಧ್ಯ? ಸಾಲದ್ದಕ್ಕೆ ಕಂಪನಿಯ ಆಸ್ಟ್ರಿಯಾದ ಇಂಜಿನಿಯರ್ ಸಾಹೇಬ ದೇಶ ಬಿಟ್ಟು ಹೋಗುವಾಗ, ಯಾವ ಭ್ರಮೆಯಲ್ಲಿ ಮರಳುಗಾಡಿಗೆ ತಂದಿದ್ದನೋ, ಹಿಮದ ಮೇಲೆ ಜಾರುವ ಒಂದು ಜೊತೆ ಸ್ಕೀ ಹಲಗೆಗಳನ್ನೂ ಅದರ ಬೂಟುಗಳನ್ನೂ ಪಿಯುಸನಿಗೆ ಕೊಟ್ಟು ಹೋಗಿದ್ದ. ಕೂಸು ಹುಟ್ಟುವ ಮುಂಚೆ ಕುಲಾವಿ ಅನ್ನುತ್ತಾರಲ್ಲ, ಹಾಗೆ ಅವು ಎರಡು ವರ್ಷದಿಂದ ಮಂಚದ ಕೆಳಗೆ ಮಲಗಿದ್ದವು. ಪಕ್ಕದ ಫ್ಲಾಟಿನ ರೋಸಲಿಂಡ್ ಬಾಯಿ ಅವನ್ನು ನೋಡಿ, ಪರದೆ ಕಟ್ಟುವ ಹಲಗೆಯಾ ಎಂದು ಕೇಳಿದ್ದರು.

ಜನವರಿಯ ಮೊದಲ ಶುಕ್ರವಾರ ಬೆಳಿಗ್ಗೆ ಐದಕ್ಕೆ ಹೊರಟರು. ಪೂಜೆಯನ್ನು ಗುರುವಾರವೇ ಮುಗಿಸಿಯಾಗಿತ್ತು, ದೇವರಿಗೂ ಸಮಯ ಬದಲಾಯಿಸಿಕೊಳ್ಳಲು ಹೇಳಿದ ಹಾಗೆ. ಕಂಪನಿಯ ಹಳೆಯ ಫೋರ್‌ವೀಲ್ ಗಾಡಿಯನ್ನು ಪಿಯುಸ್ ಕೇಳಿ ತಂದಿದ್ದ. ಹಿಂದಿನ ಸೀಟಿನಲ್ಲಿ ಇವ್ಲಿನ್, ಅವಳ ತೊಡೆಯ ಮೇಲೆ ತಲೆಯಿಟ್ಟು ಆರು ವರ್ಷದ ಸಣ್ಣ ಮಗಳು ರೋಸ್, ಮುಂದೆ ಕೂತ ಇಬ್ಬರ ಭುಜದ ನಡುವೆ ತೂರಿಕೊಂಡು ಆ ಎರಡು ಹಲಗೆಗಳು. ಕಾರ್ಮಿನ್ ಮೂರೂವರೆಗೇ ಎದ್ದು ಕೋಳಿ ಸುಕ್ಕ ಮಾಡಿ, ಬ್ರೆಡ್ಡು ಕಟ್ಟಿ, ಫ್ಲಾಸ್ಕಿಗೆ ಚಹಾ ಸುರಿದಿದ್ದಳು. ನಿಜ್ವಾ ಪಟ್ಟಣದವರೆಗೆ ಡಾಂಬರು ರಸ್ತೆ ಚೆನ್ನಾಗಿತ್ತು. ಅಲ್ ಹಮ್ರಾ ದಾಟಿ ಮಣ್ಣಿನ ದಾರಿ ಹತ್ತಲು ಸುರುವಾದ ಮೇಲೆ ರೋಸ್ ವಾಂತಿ ಮಾಡಿದಳು. ಮೊದಲ ತಿರುವಿನಲ್ಲಿ ಒಮ್ಮೆ, ಏಳನೇ ತಿರುವಿನಲ್ಲಿ ಇನ್ನೊಮ್ಮೆ.

ಮೇಲೆ ಕಲ್ಲು, ಗಾಳಿ, ಮುಳ್ಳಿನ ಪೊದೆ, ಆಡುಗಳು. ಬಂಡೆಗಳ ನೆರಳಿನಲ್ಲಿ ಮಾತ್ರ ಯಾರೋ ಉಪ್ಪು ಚೆಲ್ಲಿದ ಹಾಗೆ ಬೆಳ್ಳಗೆ ಇಬ್ಬನಿ ಹೆಪ್ಪುಗಟ್ಟಿತ್ತು. ಪಿಯುಸ್ ಬೂಟಿಗೆ ಎರಡು ಜೊತೆ ಕಾಲುಚೀಲ ತುರುಕಿ, ಹಲಗೆ ಕಟ್ಟಿಕೊಂಡು, ಮಕ್ಕಳ ಮುಂದೆ ಎರಡು ಅಡಿ ಜಾರಿ, ಕಲ್ಲಿನ ಮೇಲೆ ಕುಂಡೆ ಊರಿ ಕೂತ. ರೋಸ್ ಚಪ್ಪಾಳೆ ತಟ್ಟಿದಳು. ಕಂಬಳಿ ನೇಯುತ್ತಿದ್ದ ಬೆಟ್ಟದ ಮುದುಕಿಯೊಬ್ಬಳು ಕೆಲಸ ಬಿಟ್ಟು ಎದ್ದು ಬಂದು, ಈ ಮನುಷ್ಯನಿಗೆ ಏನಾಗಿದೆ ಎಂದು ಕಾರ್ಮಿನ್‌ಳನ್ನು ಕೈಸನ್ನೆಯಲ್ಲೇ ಕೇಳಿದಳು. ಕಾರ್ಮಿನ್ ತನ್ನ ತಲೆಯ ಹತ್ತಿರ ಬೆರಳು ತಿರುಗಿಸಿ ತೋರಿಸಿದಳು. ಇಬ್ಬರೂ ಹೆಂಗಸರು ನಕ್ಕರು. ಆ ದಿನದ ಸುಖ ಅಷ್ಟೇ.

ಎರಡು ವಾರ ಬಿಟ್ಟು ಮತ್ತೆ ಹೋದರು. ಆ ಸಲ ಆಲಿಕಲ್ಲು ಬಿತ್ತು. ಐದೇ ನಿಮಿಷ, ಆದರೆ ಗೋಲಿಯಷ್ಟು ದಪ್ಪದ್ದು. ಪಿಯುಸ್ ಬೂಟಿನ ಬಕ್ಕಲ್ ಹಾಕುವಷ್ಟರಲ್ಲಿ ಬಿಸಿಲು ಬಂದು ಎಲ್ಲ ನೀರಾಯಿತು. ಉಳಿದದ್ದು ರೋಸಳ ಹಣೆಯ ಮೇಲೆ ಊದಿಕೊಂಡ ಬೋರೆ ಮಾತ್ರ.

"ಡ್ಯಾಡಿ, ಡಸ್ ದಿಸ್ ಕೌಂಟ್?" ಇವ್ಲಿನ್ ಕೇಳಿದಳು.

ಪಿಯುಸ್ ಹಾಕಿದ ಬಕ್ಕಲನ್ನು ಬಿಚ್ಚಿದ. ಬೇರೆ ಅಪ್ಪನಾಗಿದ್ದರೆ ಹೌದು ಎಂದು ಕೈತೊಳೆದುಕೊಳ್ಳುತ್ತಿದ್ದ. "ಇಲ್ಲ," ಎಂದ. "ಆಲಿಕಲ್ಲು ಹಿಮ ಅಲ್ಲ. ಇದು ಲೆಕ್ಕಕ್ಕಿಲ್ಲ."

ಆ ಮಾತು ಕಿವಿಗೆ ಬಿದ್ದ ಕ್ಷಣದಲ್ಲಿ ಕಾರ್ಮಿನ್‌ಳ ಎದೆಯಲ್ಲಿ ಏನೋ ಹಗುರಾಯಿತು. ಮಗಳು ಹೇಳಿದ್ದೇನು? ಫಸ್ಟ್ ಅದು ತೋರಿಸಿ, ಆಮೇಲೆ ಹೋಗ್ತೇನೆ. ತೋರಿಸದಿದ್ದರೆ? ಫೆಬ್ರವರಿ ಕಳೆದರೆ ಚಳಿಗಾಲ ಮುಗಿಯಿತು. ಏಪ್ರಿಲ್‌ನಲ್ಲಿ ಇಲ್ಲಿಯ ಶಾಲೆ ಮತ್ತೆ ಸುರು. ಮಾತು ತಪ್ಪದ ಮನುಷ್ಯ ತನ್ನ ಮಾತಿನಲ್ಲಿ ತಾನೇ ಸಿಕ್ಕಿಬಿದ್ದಿದ್ದಾನೆ. ಹಿಮ ಬೀಳದೇ ಹೋದರೆ ಮಗಳು ಇನ್ನೊಂದು ವರ್ಷ ಮನೆಯಲ್ಲಿರುತ್ತಾಳೆ.

ಹಾಸ್ಟೆಲ್ಲಿನ ವಿಷಯದಲ್ಲಿ ಅವಳು ಜಗಳವಾಡಿ ಸೋತಾಗಿತ್ತು. ಅವಳ ಬಳಿ ಇದ್ದದ್ದು ವಾದವಲ್ಲ, ಒಂದು ನೆನಪು. ಇವ್ಲಿನ್ ಐದು ತಿಂಗಳ ಕೂಸಾಗಿದ್ದಾಗ ಅವಳನ್ನು ಕಲ್ಯಾಣಪುರದಲ್ಲಿ ತಾಯಿಯ ಕೈಗೆ ಕೊಟ್ಟು ಕಾರ್ಮಿನ್ ವಿಮಾನ ಹತ್ತಿದ್ದಳು. ಆಗ ನರ್ಸುಗಳ ಕ್ವಾರ್ಟರ್ಸಿನಲ್ಲಿ ಮಕ್ಕಳಿಗೆ ಜಾಗವಿರಲಿಲ್ಲ. ನಾಲ್ಕು ವರ್ಷ ತುಂಬಿದ ಮೇಲೆ ಕರೆದುಕೊಂಡು ಹೋಗಲು ಬಂದರೆ, ಮಗು ಅಜ್ಜಿಯ ಸೆರಗಿನ ಹಿಂದೆ ಅಡಗಿ, "ಈ ಆಂಟಿ ಯಾವಾಗ ಹೋಗುದು?" ಎಂದು ಕೇಳಿತ್ತು. ಮಮ್ಮಿ ಎನ್ನಿಸಿಕೊಳ್ಳಲು ಮತ್ತೆ ಒಂದು ವರ್ಷ ಹಿಡಿದಿತ್ತು. ಒಮ್ಮೆ ಬಿಟ್ಟು ಪಡೆದ ಮಗಳನ್ನು ಮತ್ತೆ ಬಿಡುವುದು ಹೇಗೆಂದು ಅವಳಿಗೆ ತಿಳಿಯುತ್ತಿರಲಿಲ್ಲ. ಇದನ್ನು ಹೇಳಿದರೆ ಪಿಯುಸ್, "ಆಗ ಅವಳು ಸಣ್ಣದು, ಈಗ ದೊಡ್ಡದಾಗಿದ್ದಾಳೆ, ಖಲಾಸ್," ಎನ್ನುತ್ತಿದ್ದ. ದೊಡ್ಡವಳಾಗುತ್ತಿದ್ದಾಳೆ, ಅದಕ್ಕೇ ಅವಳು ಹತ್ತಿರ ಬೇಕು ಎಂಬುದು ಅವನಿಗೆ ಅರ್ಥವಾಗಲಿಲ್ಲ.

ಆ ದಿನ ಇಳಿಯುವಾಗ ರೋಸಳ ಹಣೆಗೆ ಒತ್ತಲು ಐಸ್ ಬೇಕೆಂದು ಅಲ್ ಹಮ್ರಾದ ಒಂದು ಅಂಗಡಿಯ ಮುಂದೆ ನಿಲ್ಲಿಸಿದರು. ಅಂಗಡಿಯೊಳಗಿಂದ ಗಡ್ಡ ನೀವುತ್ತ ಬಂದವನು ಇವರ ಮಾತು ಕೇಳಿ ಮುಖವರಳಿಸಿದ. ಪಾಣೆಮಂಗಳೂರಿನ ಬ್ಯಾರಿ, ಹೆಸರು ಮೊಯ್ದು. ಹದಿನಾಲ್ಕು ವರ್ಷದಿಂದ ಆ ಬೆಟ್ಟದ ಬುಡದಲ್ಲಿ ಬೇಳೆ, ಸಾಬೂನು, ಪೆಪ್ಸಿ ಮಾರುತ್ತಿದ್ದ. ಊರಿನ ಮಾತು ಕಿವಿಗೆ ಬಿದ್ದು ಎಷ್ಟೋ ತಿಂಗಳಾಗಿತ್ತೆಂದು ಕಾಣುತ್ತದೆ, ಐಸಿಗೆ ಕಾಸೇ ತೆಗೆದುಕೊಳ್ಳಲಿಲ್ಲ.

"ಇನ್ನು ಮೇಲೆ ನೀವು ಈ ಕಡೆ ಬರುದಾದ್ರೆ ಫೋನ್ ಮಾಡಿ ಪೊರ್ಬುಗಳೇ," ಎಂದು ನಂಬರ್ ಬರೆದುಕೊಟ್ಟ. "ಎಂತ ಬೇಕಾದ್ರೂ ತೆಗೆದಿಡ್ತೇನೆ."

"ಮಾಡ್ತೇನೆ ಬ್ಯಾರಿಗಳೇ," ಎಂದ ಪಿಯುಸ್. ಕರಾವಳಿಯ ಕ್ರಿಸ್ತುವರಿಗೆ ಪೊರ್ಬುಗಳು, ಅವರ ಹೆಂಗಸರಿಗೆ ಬಾಯಮ್ಮ, ಮುಸ್ಲಿಮರಿಗೆ ಬ್ಯಾರಿಗಳು ಎನ್ನುವುದು ಊರಿನ ರೂಢಿ. ಅರಬ್ಬಿ ಬೆಟ್ಟದ ಕೆಳಗೂ ಅದು ಬದಲಾಗಲಿಲ್ಲ.

ಮುಂದಿನ ಗುರುವಾರ ಪಿಯುಸ್ ಫೋನ್ ಮಾಡಿದ. ಇಲ್ಲಿ ಒಂದು ಮಾತು ಹೇಳಬೇಕು. ಹಿಮ ಎನ್ನುವುದು ನಮ್ಮಲ್ಲಿ ಪುಸ್ತಕದ ಶಬ್ದ. ಗೋಳಿಬಜೆ, ಗಂಜಿ, ಸೆಕೆ ಎಂದು ಬೆಳೆದ ಕರಾವಳಿಯವರಿಗೆ, ಮಕ್ಕಳಿರುವ ಮನೆಯೊಳಗೆ ಬಂದರೂ, ಊರಿನವರ ಜೊತೆ ಅದು ಬಾಯಿಗೆ ಬರುವುದಿಲ್ಲ. ಆಕಾಶದಿಂದ ಬಿದ್ದರೂ ಫ್ರಿಜ್ಜಿನಿಂದ ತೆಗೆದರೂ ಎಲ್ಲ ಐಸೇ.

"ಬ್ಯಾರಿಗಳೇ, ಐಸ್ ಉಂಟಾ?"

"ಉಂಟು ಪೊರ್ಬುಗಳೇ. ಬೆಳಿಗ್ಗೆಯೇ ಬಂದಿದೆ."

"ಎಷ್ಟುಂಟು?"

"ನಿಮಗೆ ಸಾಕಾಗಿ ಮಿಕ್ಕುವಷ್ಟು ಉಂಟು. ಒಳ್ಳೆ ಗಟ್ಟಿ."

"ನಾಳೆವರೆಗೆ ನಿಲ್ತದಾ?"

"ನಿಲ್ಲದೆ ಎಂತ? ನಾನು ಗೋಣಿ ಮುಚ್ಚಿ ಇಡ್ತೇನೆ."

ಗೋಣಿ ಮುಚ್ಚುವ ಮಾತಿಗಾದರೂ ಪಿಯುಸನಿಗೆ ಅನುಮಾನ ಬರಬೇಕಿತ್ತು. ಖುಷಿಯಲ್ಲಿದ್ದ ಮನುಷ್ಯನಿಗೆ ಕಿವಿ ಮಂದ. ಮೂರನೆಯ ಸಲ ಇನ್ನೂರು ಕಿಲೋಮೀಟರ್ ಓಡಿಸಿಕೊಂಡು ಹೋಗಿ ಅಂಗಡಿಯ ಮುಂದೆ ಇಳಿದರೆ, ಮೊಯ್ದು ಹಿತ್ತಲಿನ ಮರದ ಪೆಟ್ಟಿಗೆಯ ಮುಚ್ಚಳ ತೆಗೆದು, ಮೀನಿಗೆ ಹಾಕುವ ನಾಲ್ಕು ದೊಡ್ಡ ಐಸ್ ಗಡ್ಡೆಗಳನ್ನು ಹೆಮ್ಮೆಯಿಂದ ತೋರಿಸಿದ. ಪಿಯುಸ್ ಕೈಯಲ್ಲಿ ಸ್ಕೀ ಹಲಗೆ ಹಿಡಿದು ಬಾಯಿ ತೆರೆದು ನಿಂತ.

"ಇದರ ಮೇಲೆ ಜಾರ್ಲಿಕ್ಕೆ ಬಂದದ್ದಾ ನೀವು?" ಎಂದು ಮೊಯ್ದು ನಕ್ಕು ನಕ್ಕು ಅಂಗಡಿಯ ಮೆಟ್ಟಿಲ ಮೇಲೆ ಕೂತುಬಿಟ್ಟ. ನಕ್ಕು ಮುಗಿದ ಮೇಲೆ ಪಾಪ, ಕಣ್ಣೊರೆಸಿಕೊಂಡು, "ಮೇಲೆ ಬೀಳುವ ಐಸಾ? ಅದು ಬಿದ್ರೆ ನಾನೇ ಫೋನ್ ಮಾಡ್ತೇನೆ. ಅಲ್ಲಾನಾಣೆ," ಎಂದ.

ಅಂದಿನಿಂದ ಮನೆಯಲ್ಲಿ 'ಮೊಯ್ದುವಿನ ಐಸ್' ಎಂಬುದೊಂದು ತಮಾಷೆಯಾಯಿತು. ಪರೀಕ್ಷೆಯಲ್ಲಿ ಮಾರ್ಕು ಕಡಿಮೆ ಬಂದರೆ ಅದು ಮೊಯ್ದುವಿನ ಐಸ್. ಮೀನು ದೊಡ್ಡದಾಗಿ ಕಂಡು ರುಚಿಯಿಲ್ಲದಿದ್ದರೆ ಅದೂ ಮೊಯ್ದುವಿನ ಐಸ್. ಪಿಯುಸ್ ಆಫೀಸಿನಲ್ಲೂ ಈ ಕತೆ ಹೇಳಿ ನಗಿಸಿದ್ದ.

ನಾಲ್ಕನೆಯ ಸಲ ಮಳೆ ಬಂದು ವಾದಿಯಲ್ಲಿ, ಅಂದರೆ ಅಲ್ಲಿಯ ಒಣ ಹಳ್ಳದಲ್ಲಿ, ನೀರು ಹರಿದು ದಾರಿ ಬಂದ್ ಆಗಿತ್ತು. ಗಾಡಿಯೊಳಗೆ ಮೂರು ಗಂಟೆ ಕೂತು ತಣ್ಣಗಾದ ಸುಕ್ಕ ತಿಂದು ವಾಪಸು ಬಂದರು. ಆ ರಾತ್ರಿ ಸ್ನಾನ ಮಾಡಲೂ ಕಾರ್ಮಿನ್‌ಗೆ ತ್ರಾಣವಿರಲಿಲ್ಲ. ಮರುದಿನ ವಾರ್ಡಿನಲ್ಲಿ ರೋಗಿಯೊಬ್ಬನ ಬಿಪಿ ನೋಡುತ್ತ ನೋಡುತ್ತ ತೂಕಡಿಸಿದಳು. ಅವನೇ, "ಸಿಸ್ಟರ್, ಆಪ್ ಬೈಠ್ ಜಾಯಿಯೇ," ಎಂದು ಸ್ಟೂಲು ಎಳೆದುಕೊಟ್ಟ. ಕಾಲು ಊದಿಕೊಂಡು ಚಪ್ಪಲಿಯ ಪಟ್ಟಿ ಹಾಕಲು ಬರುತ್ತಿರಲಿಲ್ಲ. ಹೋಗುವಾಗ ಹಿಮ ಬೀಳದಿರಲಿ ಎಂದು ಜಪಸರ ಎಣಿಸುವುದು, ಬರುವಾಗ ಹಾಳಾದ ಶುಕ್ರವಾರಕ್ಕೆ ಮರುಗುವುದು. ಬೇಡದ್ದನ್ನು ಹುಡುಕಿಕೊಂಡು ಹೋಗುವಷ್ಟು ದಣಿವಿನ ಕೆಲಸ ಇನ್ನೊಂದಿಲ್ಲ. ಒಲ್ಲೆ ಎಂದು ಮನೆಯಲ್ಲೇ ಉಳಿಯಬಹುದಿತ್ತು. ಆದರೆ ಮಗಳು ಹೋಗುವವಳೇ ಆದರೆ, ಅವಳ ಜೊತೆಗಿನ ಒಂದು ಶುಕ್ರವಾರವನ್ನು ನಿದ್ದೆಗೆ ಕೊಡುವುದು ಹೇಗೆ?

ಫೆಬ್ರವರಿಯ ಮೂರನೆಯ ಗುರುವಾರ ಮಧ್ಯಾಹ್ನ ಫೋನ್ ಬಂತು. ಕಾರ್ಮಿನ್ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದಳು. ಇವ್ಲಿನ್ ಎತ್ತಿ, ಒಂದು ನಿಮಿಷ ಕೇಳಿ, "ಮಮ್ಮೀ, ಮೊಯ್ದು ಕಾಕ," ಎಂದು ರಿಸೀವರನ್ನು ಮೇಜಿನ ಮೇಲಿಟ್ಟು ಹೋಮ್‌ವರ್ಕಿಗೆ ಕೂತಳು.

"ಬಾಯಮ್ಮ! ಐಸ್ ಬಂದಿದೆ!" ಮೊಯ್ದು ಕೂಗುತ್ತಿದ್ದ. "ಮೇಲೆ ಇಡೀ ಬೆಳ್ಳಗೆ. ಆಡು ಮೇಯಿಸುವವರು ಓಡಿ ಬಂದು ಹೇಳಿದ್ರು, ನಾನೂ ಅರ್ಧ ದಾರಿ ಹೋಗಿ ನೋಡಿ ಬಂದೆ. ಪೊರ್ಬುಗಳಿಗೆ ಹೇಳಿ, ನಾಳೆ ಬೆಳಿಗ್ಗೆ ತಡ ಮಾಡುದು ಬೇಡ."

"ಹೇಳ್ತೇನೆ," ಎಂದಳು ಕಾರ್ಮಿನ್. ಕೈಯಿಂದ ಸಾಬೂನಿನ ನೀರು ನೆಲಕ್ಕೆ ತೊಟ್ಟಿಕ್ಕುತ್ತಿತ್ತು. "ಉಪಕಾರ ಆಯ್ತು."

ಅವಳು ಸಿಂಕಿಗೆ ವಾಪಸು ಬಂದು ತೊಳೆದ ಪಾತ್ರೆಯನ್ನೇ ಮತ್ತೆ ತೊಳೆದಳು. ಹತ್ತು ನಿಮಿಷದಲ್ಲಿ ಪಿಯುಸ್ ಬಂದ. ಗುರುವಾರ ಅವನಿಗೆ ಅರ್ಧ ದಿನ. ಶೂ ಬಿಚ್ಚುತ್ತ, ಯಾರದ್ದಾದರೂ ಫೋನ್ ಉಂಟಾ ಎಂದು ದಿನಾ ಕೇಳುವ ಹಾಗೆ ಕೇಳಿದ.

ಸುಳ್ಳು ಹೇಳಬೇಕೆಂದು ಅವಳು ಯೋಚಿಸಿರಲಿಲ್ಲ. ಹೇಳಲೂ ಇಲ್ಲ. ಮೊಯ್ದು ಹೇಳಿದ ಮೊದಲ ಮಾತನ್ನೇ, ಒಂದು ಅಕ್ಷರ ಹೆಚ್ಚಿಲ್ಲದೆ ಕಡಿಮೆಯಿಲ್ಲದೆ, ಆದರೆ ಬೇಳೆ ಮುಗಿದಿದೆ ಎನ್ನುವ ದನಿಯಲ್ಲಿ ಹೇಳಿದಳು.

"ಮೊಯ್ದು ಮಾಡಿದ್ದ. ಐಸ್ ಬಂದಿದೆಯಂತೆ."

ಪಿಯುಸ್ ನಕ್ಕ. "ಆ ಬ್ಯಾರಿಯ ಐಸ್! ಮೀನಿನ ಲೋಡ್ ಬಂದಿರ್ಬೇಕು. ನಮ್ಮನ್ನು ಕರೆಸಿ ಊರಿನ ಸುದ್ದಿ ಮಾತಾಡ್ಲಿಕ್ಕೆ ಅವನಿಗೊಂದು ನೆಪ." ಶೂ ಮೂಲೆಗೆ ತಳ್ಳಿದ. "ಈ ವಾರ ಬೇಡ ಮಾರಾಯ್ತಿ. ಗಾಡಿಯ ಕ್ಲಚ್ಚೂ ಸರಿ ಇಲ್ಲ. ನನಗೂ ಸಾಕಾಗಿದೆ."

ಮೇಜಿನ ಬಳಿ ಇವ್ಲಿನ್ ತಲೆಯೆತ್ತಿ ಅಮ್ಮನನ್ನು ನೋಡಿದಳು. ಆಮೇಲೆ ಪೆನ್ಸಿಲ್ ಚೂಪು ಮಾಡತೊಡಗಿದಳು.

ಮರುದಿನ ಕಾರ್ಮಿನ್ ಹನ್ನೊಂದು ಗಂಟೆಯವರೆಗೆ ಮಲಗಿದಳು. ಮದುವೆಯಾದ ಮೇಲೆ ಅಷ್ಟು ಹೊತ್ತು ಮಲಗಿದ್ದೇ ಇಲ್ಲ. ಕನಸಿಲ್ಲ, ಕಾಲುನೋವಿಲ್ಲ. ಎದ್ದಾಗ ಪಿಯುಸ್ ಮೀನು ತಂದಿದ್ದ, ಇವ್ಲಿನ್ ಅನ್ನಕ್ಕೆ ಇಟ್ಟಿದ್ದಳು, ಮನೆ ತಣ್ಣಗಿತ್ತು. ಬೆಟ್ಟದ ಮೇಲೆ ಇಷ್ಟು ಹೊತ್ತಿಗೆ ಬಿಸಿಲು ಏರಿರುತ್ತದೆ ಎಂದು ಅವಳು ನೆನೆದಳು. ಒಂದು ವರ್ಷ ಸಿಕ್ಕಿತು ಎಂದುಕೊಂಡಳು. ಸಂಜೆಯ ಪೂಜೆಯಲ್ಲಿ ಮೊಣಕಾಲೂರಿ ಕಣ್ಣುಮುಚ್ಚಿದಾಗ ಮಾತ್ರ, ದೇವರಿಗೆ ಏನು ಹೇಳುವುದೆಂದು ತೋಚದೆ ಸುಮ್ಮನೆ ಎದ್ದಳು.

ಶನಿವಾರ ಮಧ್ಯಾಹ್ನ ಪಿಯುಸ್ ಊಟಕ್ಕೆ ಬಂದವನು ಕೈ ತೊಳೆಯಲಿಲ್ಲ. ಪೇಪರನ್ನು ಮೇಜಿನ ಮೇಲೆ ಬಿಡಿಸಿಟ್ಟ. ಮೊದಲ ಪುಟದಲ್ಲಿ ಫೋಟೋ. ಬೆಳ್ಳಗಿನ ಇಳಿಜಾರು, ಅದರ ಮೇಲೆ ದಿಶ್‌ದಾಶ ಎಂಬ ಉದ್ದ ನಿಲುವಂಗಿಯನ್ನು ಎತ್ತಿ ಕಟ್ಟಿಕೊಂಡು ಹಿಮದ ಉಂಡೆ ಎಸೆಯುತ್ತಿರುವ ಅರಬ್ಬಿ ಮಕ್ಕಳು. ಎಷ್ಟೋ ವರ್ಷಗಳಲ್ಲಿ ಇಂಥ ಹಿಮ ಕಂಡಿಲ್ಲವೆಂದು ಬೆಟ್ಟದವರು ಹೇಳಿದ್ದರಂತೆ.

"ನಾನು ಮೊಯ್ದುವಿಗೆ ಫೋನ್ ಮಾಡಿದೆ," ಎಂದ. ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಕಷ್ಟವಾಯಿತು. "ಬಾಯಮ್ಮನಿಗೆ ಎಲ್ಲ ಬಿಡಿಸಿ ಹೇಳಿದ್ದೆ ಅಂದ. ನೀನು ಯಾಕೆ ಹಾಗೆ ಹೇಳಿದ್ದು ಕಾರ್ಮಿನ್?"

"ಅವನು ಐಸ್ ಅಂತಲೇ ಹೇಳಿದ್ದು."

"ಕಾರ್ಮಿನ್."

ಅವಳು ಸೌಟನ್ನು ಸಾರಿನೊಳಗೆ ಬಿಟ್ಟಳು. ತಡೆಹಿಡಿದದ್ದೆಲ್ಲ ಒಮ್ಮೆಲೇ ಹೊರಗೆ ಬಂತು. "ಹೌದು, ಬೇಕೆಂದೇ ಹೇಳಿದೆ. ಹಿಮ ನೋಡಿದ್ರೆ ಅವಳು ಹೋಗ್ತಾಳೆ. ಫಸ್ಟ್ ತೋರಿಸಿ, ಆಮೇಲೆ ಹೋಗ್ತೇನೆ ಅಂದಳಲ್ಲ? ನೀವು ಆಯ್ತು ಅಂದ್ರಲ್ಲ? ನೋಡದಿದ್ರೆ ಹೋಗುದು ಬೇಡ. ನನಗೆ ಇನ್ನೊಂದು ವರ್ಷ ಅವಳು ಬೇಕು. ಒಂದು ವರ್ಷ, ಅಷ್ಟೇ."

ಪಿಯುಸ್ ಅವಳನ್ನು ಅರ್ಥವಾಗದವನಂತೆ ನೋಡಿದ. ಮತ್ತೆ ಕುರ್ಚಿ ಎಳೆದು ಕೂತ.

"ಹಿಮಕ್ಕೂ ಹೋಗುದಕ್ಕೂ ಎಂತ ಸಂಬಂಧ ಮಾರಾಯ್ತಿ? ಸೀಟು ನವೆಂಬರಿನಲ್ಲೇ ಆಗಿದೆ. ಕಾನ್ವೆಂಟಿನ ಮದರ್ ಬರೆದ ಕಾಗದ ನನ್ನ ಆಫೀಸಿನ ಡ್ರಾಯರಿನಲ್ಲುಂಟು. ಇವ್ಲಿನ್‌ಗೂ ಗೊತ್ತುಂಟು. ನಿನಗೆ ಹೇಳಿದ್ರೆ ಕ್ರಿಸ್ಮಸ್ಸಿಗೆ ನೀನು ಅಳ್ತೀ ಅಂತ ಹೇಳ್ಲಿಲ್ಲ." ಅವನು ಪೇಪರನ್ನು ಮಡಚಿದ, ಮತ್ತೆ ಬಿಡಿಸಿದ. "ಅವಳು ಹೇಗೂ ಹೋಗುವವಳು. ಹೋಗುವ ಮೊದಲು ತೋರಿಸ್ತೇನೆ ಅಂತ ನಾನು ಹೇಳಿದ್ದು. ಅವಳು ಕೇಳಿದ್ದು ಅದೊಂದು. ಅಷ್ಟಾದ್ರೂ ಕೊಟ್ಟು ಕಳಿಸುವಾ ಅಂತ ನಾನು..."

ಕಾರ್ಮಿನ್ ಒಲೆ ಆರಿಸಿದಳು. ಉಳಿಸಿಕೊಂಡೆ ಎಂದುಕೊಂಡದ್ದು ಎಂದೋ ಕೈಬಿಟ್ಟು ಹೋಗಿತ್ತು. ಮಗಳಿಗೆ ಸಿಗಬಹುದಾಗಿದ್ದ ಒಂದನ್ನು ಮಾತ್ರ ಅವಳು ತನ್ನ ಕೈಯಾರೆ ತಪ್ಪಿಸಿದ್ದಳು. ಸಂಜೆ ಡ್ಯೂಟಿಗೆ ವ್ಯಾನ್ ಬಂದಾಗ ಹೋಗಿ ಹತ್ತಿದಳು. ಹೋಗದಿದ್ದರೆ ಆಗುವುದಿಲ್ಲವಲ್ಲ.

ವಾರವಿಡೀ ಒಳ್ಳೆಯ ಬಿಸಿಲು. ಶುಕ್ರವಾರ ಕ್ಲಚ್ ಸರಿಮಾಡಿಸಿಕೊಂಡು ಮತ್ತೆ ಹೊರಟರು. ಈ ಸಲ ಹೊರಡೋಣವೆಂದವಳು ಕಾರ್ಮಿನ್. ದಾರಿಯಲ್ಲಿ ಯಾರೂ ಹೆಚ್ಚು ಮಾತಾಡಲಿಲ್ಲ. ಮೊಯ್ದು ಅಂಗಡಿಯಿಂದ ಹೊರಗೆ ಬಂದು ಕೈಯಾಡಿಸಿ, ತಲೆಯನ್ನೂ ಆಡಿಸಿದ. ಇಲ್ಲ ಎಂದು ಅದರ ಅರ್ಥ. ಆದರೂ ಹತ್ತಿದರು.

ಮೇಲೆ ನೆಲ ಒದ್ದೆಯಾಗಿತ್ತು, ಅಷ್ಟೇ. ಆಡುಗಳು ತೊಳೆದ ಕಲ್ಲುಗಳ ನಡುವೆ ಹೊಸ ಹುಲ್ಲು ಮೇಯುತ್ತಿದ್ದವು. ನೆರಳಿನ ಮೂಲೆಯಲ್ಲಾದರೂ ಒಂದಿಷ್ಟು ಉಳಿದಿದೆಯೇ ಎಂದು ಪಿಯುಸ್ ರೋಸಳನ್ನು ಹೆಗಲ ಮೇಲೆ ಕೂರಿಸಿಕೊಂಡು ಕಣಿವೆಯ ಅಂಚಿನ ಕಡೆ ಹುಡುಕುತ್ತ ಹೋದ. ಕಾರ್ಮಿನ್ ಮತ್ತು ಇವ್ಲಿನ್ ಗಾಳಿಗೆ ಬೆನ್ನು ಕೊಟ್ಟು ಒಂದು ಬಂಡೆಯ ಮೇಲೆ ಕೂತರು. ಮಗಳ ಕಾಲುಗಳು ತನ್ನ ಕಾಲಿನಷ್ಟೇ ಉದ್ದವಾಗಿರುವುದನ್ನು ಕಾರ್ಮಿನ್ ಆಗ ಗಮನಿಸಿದಳು.

"ನಿನಗೊಂದು ಹೇಳ್ಲಿಕ್ಕುಂಟು," ಎಂದಳು. "ಹೋದ ವಾರ ಹಿಮ ಬಿದ್ದದ್ದು ನನಗೆ ಗೊತ್ತಿತ್ತು. ಮೊಯ್ದು ಸರಿಯಾಗಿಯೇ ಹೇಳಿದ್ದ. ನಾನು ಡ್ಯಾಡಿಗೆ ಸರಿಯಾಗಿ ಹೇಳ್ಲಿಲ್ಲ."

"ಐ ನೋ, ಮಮ್ಮಿ."

"ಡ್ಯಾಡಿ ಹೇಳಿದ್ರಾ?"

"ಇಲ್ಲ. ಮೊಯ್ದು ಕಾಕ ಫಸ್ಟ್ ನನಗೇ ಹೇಳಿದ್ದು, ಫೋನ್ ಎತ್ತಿದಾಗ. ನೀನು ಡ್ಯಾಡಿಗೆ ಹೇಳಿದ್ದು ಸಹ ಕೇಳಿಸ್ತು." ಇವ್ಲಿನ್ ಒಂದು ಕಲ್ಲು ಹೆಕ್ಕಿ ಕೈಯಿಂದ ಕೈಗೆ ಹಾಕಿದಳು.

ಕಾರ್ಮಿನ್ ಮಗಳ ಮುಖ ನೋಡಿದಳು. "ಮತ್ತೆ ನೀನು ಯಾಕೆ ಸುಮ್ಮನಿದ್ದಿ? ಡ್ಯಾಡಿಗೆ ಒಂದು ಮಾತು ಹೇಳ್ಲಿಕ್ಕೆ ಆಗ್ತಿರ್ಲಿಲ್ವಾ?"

"ನಿನಗೆ ಟಯರ್ಡ್ ಆಗಿದೆ ಅಂತ ಗೊತ್ತಾಯ್ತು. ಬುಧವಾರ ನೀನು ಸಿಂಕಿನ ಹತ್ರ ನಿಂತೇ ನಿದ್ದೆ ಮಾಡಿದ್ದಿ, ನಳ್ಳಿ ನಾನು ಬಂದ್ ಮಾಡಿದ್ದು. ಒಂದು ಶುಕ್ರವಾರ ಮಮ್ಮಿ ಮಲಗ್ಲಿ ಅಂತ ಅನ್ನಿಸ್ತು. ಹಿಮ ಒಂದು ವಾರ ನಿಲ್ತದೆ ಅಂತ ಅಂದ್ಕೊಂಡೆ." ಅವಳು ಒದ್ದೆ ನೆಲದ ಕಡೆ ನೋಡಿ ಸ್ವಲ್ಪ ನಕ್ಕಳು. "ನಿಲ್ಲುದಿಲ್ಲ, ಅಲ್ವಾ?"

"ನಾನು ಟಯರ್ಡ್ ಆಗಿ ಮಾಡಿದ್ದಲ್ಲ ಮಗಾ," ಎಂದಳು ಕಾರ್ಮಿನ್. ಹೇಳದೆ ಉಳಿಸಿಕೊಂಡರೆ ತನಗೆ ಜೀವಮಾನದಲ್ಲಿ ನೆಮ್ಮದಿಯಿಲ್ಲವೆಂದು ಅವಳಿಗೆ ಗೊತ್ತಿತ್ತು. "ನೀನು ಹಿಮ ನೋಡಿದ್ರೆ ಹೋಗ್ತೀ ಅಂತ. ನೋಡದಿದ್ರೆ ಇಲ್ಲೇ ಇರ್ತೀ ಅಂತ."

ಇವ್ಲಿನ್ ಕೈಯಲ್ಲಿದ್ದ ಕಲ್ಲನ್ನು ಕೆಳಗಿಟ್ಟಳು. ದೂರದಲ್ಲಿ ಪಿಯುಸ್ ಬಗ್ಗಿ ಬಗ್ಗಿ ಬಂಡೆಗಳ ಕೆಳಗೆ ನೋಡುತ್ತಿದ್ದ. ಆಮೇಲೆ ಮಗಳು ಮೆಲ್ಲಗೆ ಸರಿದು, ಸಣ್ಣವಳಿದ್ದಾಗಲೂ ಇಡದಿದ್ದ ಹಾಗೆ ತನ್ನ ತಲೆಯನ್ನು ಅಮ್ಮನ ಹೆಗಲ ಮೇಲೆ ಇಟ್ಟಳು.

"ಆದ್ರೆ ಆ ದಿನ ನೀನು ಒಳ್ಳೆ ನಿದ್ದೆ ಮಾಡಿದ್ದಿ ಅಲ್ವಾ ಮಮ್ಮಿ?" ಎಂದಳು. "ಹನ್ನೊಂದು ಗಂಟೆವರೆಗೆ ರೋಸ್‌ನ ಬಾಯಿ ಮುಚ್ಚಿಸ್ಲಿಕ್ಕೆ ನನಗೆ ಸಾಕೋ ಸಾಕಾಯ್ತು."

ಹೌದು, ಒಳ್ಳೆಯ ನಿದ್ದೆ ಮಾಡಿದ್ದಳು. ಆ ನಿದ್ದೆಯ ಸುಖ ಕಾರ್ಮಿನ್‌ಳ ಮೈಯಲ್ಲಿ ಇನ್ನೂ ಇತ್ತು. ಅದನ್ನು ಯಾರು ಕೊಟ್ಟದ್ದೆಂದು ತಿಳಿಯದೆ ಅವಳು ಒಂದು ವಾರ ಕಳೆದಿದ್ದಳು. ಬಂಡೆಯ ಮೇಲೆ ಕೂತು ಅವಳು ಜೋರಾಗಿ ಅತ್ತಳು. ಗಾಳಿ ಬಹಳವಿದ್ದದ್ದರಿಂದ ಪಿಯುಸನಿಗೆ ಅದು ಕೇಳಿಸಲಿಲ್ಲ.